ಬಡ್ಡಿ ಪೂರ್ತಿ ತಿನ್ನಬೇಡಿ: ಬೆಲೆ ಏರಿಕೆಯಿಂದ ಉಳಿತಾಯ ಕಾಯುವುದು ಹೇಗೆ?

ಮಂಡ್ಯದ ನಮ್ಮ ಚಿಕ್ಕಪ್ಪ ಮೇಷ್ಟ್ರಾಗಿ ರಿಟೈರ್ ಆದವರು. ಬಂದ ದುಡ್ಡಲ್ಲಿ ಹತ್ತು ಲಕ್ಷ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ, ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯನ್ನು ಪೂರ್ತಿ ಖರ್ಚು ಮಾಡುತ್ತಿದ್ದರು. "ಅಸಲು ಮುಟ್ಟಿಲ್ಲ ಕಣಪ್ಪ, ಹಂಗೇ ಐತೆ" ಅಂತ ಹೆಮ್ಮೆ ಬೇರೆ. ಬಿತ್ತನೆಗೆ ಎತ್ತಿಟ್ಟ ರಾಗಿಯನ್ನು ದಿನಾ ಒಂದೊಂದು ಹಿಡಿ ಮುದ್ದೆಗೆ ಸೇರಿಸಿದ ಹಾಗೆ ಇದು. ಚೀಲ ನಿಂತೇ ಇರುತ್ತೆ, ಒಳಗೆ ಇಳಿದಿರುತ್ತೆ. ಬೆಲೆ ಏರಿದ ಹಾಗೆಲ್ಲ ಅದೇ ಹತ್ತು ಲಕ್ಷಕ್ಕೆ ಬರುವ ಸಾಮಾನು ಕಡಿಮೆ ಆಗುತ್ತೆ. ಮೈಸೂರಿನ ನಮ್ಮ ಬೀದಿಯಲ್ಲೇ ಹೀಗೆ ಮಾಡುವವರು ನಾಲ್ಕು ಮನೆಯವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಲೆ ಏರಿದಷ್ಟು ದುಡ್ಡನ್ನೂ ತಾನೇ ಏರಿಸುವ ಬಾಂಡ್ ಒಂದಿತ್ತು. 2013ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ತಂದದ್ದು, ಹತ್ತು ವರ್ಷದ್ದು. ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ದಿನಬಳಕೆಯ ಬೆಲೆಗಳ ಸರ್ಕಾರಿ ಅಳತೆ, ಎಷ್ಟು ಏರಿತೋ ಅಷ್ಟು, ಅದರ ಮೇಲೆ ಶೇ 1.5 ಬಡ್ಡಿ. ಕೊಂಡವರು ಕಡಿಮೆ, ಕೆಲವೇ ತಿಂಗಳಲ್ಲಿ ಮಾರಾಟ ನಿಂತಿತು, ಮತ್ತೆ ಬರಲಿಲ್ಲ. ಚಿನ್ನದ ಬೆಲೆಯ ಜೊತೆ ಏರುವ ಸರ್ಕಾರದ ಚಿನ್ನದ ಬಾಂಡಿನ ಮಾರಾಟವೂ 2024ರ ಫೆಬ್ರುವರಿ ಕಂತಿಗೇ ಕೊನೆ. ಹಾಗಾಗಿ ಇನ್ನು ಆ ಲೆಕ್ಕವನ್ನು ನಾವೇ ಕೈಯಲ್ಲಿ ಮಾಡಬೇಕು.

ಮೊದಲು ನಿಮ್ಮ ಮನೆಯ ಬೆಲೆ ಏರಿಕೆ ಎಷ್ಟು ಅಂತ ನೋಡಿ. ಟಿವಿಯಲ್ಲಿ ಹೇಳುವ ಅಂಕಿ ಇಡೀ ದೇಶದ್ದು, ನಿಮ್ಮ ಅಡುಗೆಮನೆಯದ್ದಲ್ಲ. ತಿಂಗಳೂ ತಪ್ಪದೆ ಕೊಳ್ಳುವ ಹತ್ತು ಬಾಬತ್ತು ಬರೆದುಕೊಳ್ಳಿ: ಹಾಲು, ಅಕ್ಕಿ, ಕಾಫಿ ಪುಡಿ, ಎಣ್ಣೆ, ಗ್ಯಾಸು, ಬಿಪಿ ಮಾತ್ರೆ, ಮನೆಗೆಲಸದವರ ಸಂಬಳ, ಹೀಗೆ. ವರ್ಷಕ್ಕೊಮ್ಮೆ ಕಟ್ಟುವ ಆರೋಗ್ಯ ವಿಮೆಯನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ. ಹೋದ ವರ್ಷ ಇದೇ ತಿಂಗಳು ಎಷ್ಟು, ಈಗ ಎಷ್ಟು? 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತಲ್ಲ, ಅಂಥದ್ದು ಇಲ್ಲಿ ಎದ್ದು ಕಾಣುತ್ತೆ. ಅದೇ ಸಾಮಾನು, ಅದೇ ಅಳತೆ ಇರಬೇಕು. ಖರ್ಚು ಜಾಸ್ತಿ ಆಗೋದು ಬೇರೆ, ಬೆಲೆ ಜಾಸ್ತಿ ಆಗೋದು ಬೇರೆ. ಅರ್ಧ ಲೀಟರ್ ಹಾಲು ತರುತ್ತಿದ್ದವರು ಒಂದು ಲೀಟರ್ ತಂದು ಹಣದುಬ್ಬರವನ್ನು ಬೈಯಬಾರದು. ಟೊಮೆಟೊ, ಹೂವು ಬಿಟ್ಟುಬಿಡಿ, ದೇವರಾಜ ಮಾರ್ಕೆಟ್ಟಿನಲ್ಲಿ ಬೆಳಗಿನ ರೇಟು ಸಂಜೆಗಿರಲ್ಲ. ಚಿಕ್ಕಪ್ಪನ ಪಟ್ಟಿ 12,000 ಇದ್ದದ್ದು 12,720 ಆಗಿತ್ತು. ಅಂದರೆ ಶೇ 6.

ಈಗ ಎಲ್ಲರೂ ಎಡವುವ ಜಾಗ. ಬಂದ ಬಡ್ಡಿಯನ್ನು ಎರಡು ಪಾಲು ಮಾಡಬೇಕು. ಚಿಕ್ಕಪ್ಪನಿಗೆ ಶೇ 8.2ರಂತೆ ವರ್ಷಕ್ಕೆ 82,000 ಬರುತ್ತೆ, ಮೂರು ತಿಂಗಳಿಗೆ 20,500. ಆದರೆ ಹತ್ತು ಲಕ್ಷ ಹತ್ತು ಲಕ್ಷವಾಗಿಯೇ ಬಾಳಬೇಕಾದರೆ ವರ್ಷಕ್ಕೆ 60,000 ಅದಕ್ಕೇ ವಾಪಸ್ ಸೇರಬೇಕು. ಅದು ಬಡ್ಡಿಯೇ ಅಲ್ಲ, ಸವೆದ ಅಸಲು. ಕೈಗೆ ಉಳಿಯುವುದು 22,000. ಅಂದರೆ ಪ್ರತಿ 20,500ರಲ್ಲಿ 15,000 ಪಕ್ಕಕ್ಕೆ, 5,500 ಖರ್ಚಿಗೆ. ಇದನ್ನು ಹೇಳಿದಾಗ ಚಿಕ್ಕಪ್ಪ ಕನ್ನಡಕ ತೆಗೆದು ಕ್ಯಾಲ್ಕುಲೇಟರಿನ ಬ್ಯಾಟರಿ ಸರಿ ಇದೆಯಾ ಅಂತ ನೋಡಿದರು.

ಯೋಜನೆ ಖಾತೆಗೆ ಮತ್ತೆ ಮತ್ತೆ ಚಿಲ್ಲರೆ ತುಂಬಲು ಆಗಲ್ಲ. ಹಾಗಾಗಿ ಪಕ್ಕಕ್ಕಿಟ್ಟದ್ದಕ್ಕೆ ಬೇರೆ ಜಾಗ ಬೇಕು, ತಿಂಗಳು ತಿಂಗಳು ಕಟ್ಟುವ ಆರ್‌ಡಿಯೋ, ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ಪಿಪಿಎಫ್ಫೋ. ಉಳಿತಾಯ ಖಾತೆಯಲ್ಲೇ ಬಿಟ್ಟರೆ ಮುಂದಿನ ಮದುವೆ ಮುಯ್ಯಿಗೆ ಹೋಗುತ್ತೆ, ಗ್ಯಾರಂಟಿ. ಈ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಶುರುವಿನಲ್ಲಿ ಬರುತ್ತೆ. ಬಂದ ವಾರವೇ ದುಡ್ಡು ದಾಟಿಸಿಬಿಡಿ. ಎರಡನೇ ವರ್ಷ ಇನ್ನೊಂದು ತಪ್ಪು ಮಾಡುತ್ತಾರೆ, ಮತ್ತೆ ಅದೇ 60,000 ಎತ್ತಿಡುತ್ತಾರೆ. ಈಗ ಕಾಯಬೇಕಾದ್ದು 10,60,000, ಅದರ ಶೇ 6 ಅಂದರೆ 63,600.

ಪೂರ್ತಿ ಆಗಲ್ವಾ? ಆದಷ್ಟು ಮಾಡಿ. ಚಿಕ್ಕಪ್ಪ ಕೊಸರಾಡಿ ಕೊನೆಗೆ ಮೂರು ತಿಂಗಳಿಗೆ 10,000ಕ್ಕೆ ಒಪ್ಪಿದರು. ವರ್ಷಕ್ಕೆ ಶೇ 2ರಷ್ಟು ಇನ್ನೂ ಸವೆಯುತ್ತೆ, ಅದು ಗೊತ್ತಿದ್ದೇ ಸವೆಯುತ್ತೆ.

ಬಡ್ಡಿ ಕೈಗೆ ಬೇಡವೇ ಬೇಡ ಅನ್ನುವವರಿಗೆ ಒಂದು ಸುಲಭದ ದಾರಿ ಇದೆ. ಬಡ್ಡಿ ಅಸಲಿಗೇ ಸೇರುವ ಎಫ್‌ಡಿ ಮಾಡಿಸಿ, ಪಾಲು ಮಾಡುವ ರಗಳೆ ತಪ್ಪುತ್ತೆ. ತೆರಿಗೆ ಮಾತ್ರ ಮರೆಯಬೇಡಿ. ಶೇ 30ರ ಸ್ಲ್ಯಾಬಿನವರಿಗೆ ಶೇ 7ರ ಎಫ್‌ಡಿ ಕೊಡೋದು 4.9 ಅಷ್ಟೇ, ಹಾಲಿನ ರೇಟಿನ ಮುಂದೆ ಅದು ಕುಂಟುತ್ತೆ.

ಇನ್ನು ಉಳಿತಾಯದ ದುಡ್ಡನ್ನು ಎಲ್ಲೆಲ್ಲಿ ಹಂಚಿಡುವುದು, ಇದು ಸುಲಭ. ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ. ಐದು ವರ್ಷದೊಳಗೆ ಬೇಕಾದ್ದು ಐದು ತುಂಡು ಎಫ್‌ಡಿ, ವರ್ಷಕ್ಕೊಂದು ಮೆಚ್ಯೂರ್ ಆಗುವ ಹಾಗೆ. ಎಲ್ಲವನ್ನೂ ಒಂದೇ ದಿನ ಒಂದೇ ರೇಟಿಗೆ ಕಟ್ಟಿಹಾಕಬೇಡಿ. ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಮಾತ್ರ ಠೇವಣಿ ವಿಮೆ ಅನ್ನೋದೂ ನೆನಪಿರಲಿ. ಏಳು ವರ್ಷ ಮುಟ್ಟಲ್ಲ ಅನ್ನುವ ದುಡ್ಡಿನಲ್ಲಿ ಒಂದು ಪಾಲು ಇಂಡೆಕ್ಸ್ ಫಂಡಿಗೆ. ಹೆಸರು ಕೇಳಿ ಇದು ಬೆಲೆ ಸೂಚ್ಯಂಕದ ಜೊತೆ ಏರುತ್ತೆ ಅಂದುಕೊಂಡವರನ್ನು ನೋಡಿದ್ದೇನೆ. ಇಲ್ಲ, ಅದು ಹಿಂಬಾಲಿಸುವುದು ನಿಫ್ಟಿಯಂಥ ಷೇರು ಸೂಚ್ಯಂಕವನ್ನು, ಇಳಿಯಲೂ ಇಳಿಯುತ್ತೆ.

ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ಬಾಂಡನ್ನೂ "ಹಣದುಬ್ಬರದ ಬಾಂಡು ಸಾರ್" ಅಂತ ಮಾರುವವರಿದ್ದಾರೆ. ಅದರ ಬಡ್ಡಿ ಎನ್‌ಎಸ್‌ಸಿ (ಪೋಸ್ಟ್ ಆಫೀಸಿನ ರಾಷ್ಟ್ರೀಯ ಉಳಿತಾಯ ಪತ್ರ) ಬಡ್ಡಿಗಿಂತ ಶೇ 0.35 ಜಾಸ್ತಿ, ಆರು ತಿಂಗಳಿಗೊಮ್ಮೆ ಬದಲಾಗುತ್ತೆ, ಏಳು ವರ್ಷ ಲಾಕು. ಬಾಂಡು ಒಳ್ಳೆಯದೇ, ನಾನೂ ಇಟ್ಟಿದ್ದೇನೆ. ಬೆಲೆ ಸೂಚ್ಯಂಕಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ.

ಚಿನ್ನ ಹತ್ತರಲ್ಲಿ ಒಂದು ಪಾಲು ಸಾಕು. ಅಶೋಕ ರಸ್ತೆಯಲ್ಲಿ ಸರ ಕೊಂಡು ಉಳಿತಾಯ ಅನ್ನಬೇಡಿ, ಮಜೂರಿ, ವೇಸ್ಟೇಜು ಕೊಂಡ ದಿನವೇ ಹೋಯಿತು. ಸೈಟಿನ ಹುಚ್ಚು ನಮ್ಮೂರಲ್ಲಿ ಜಾಸ್ತಿ, ಆದರೆ ಆಸ್ಪತ್ರೆ ಬಿಲ್ಲು ಬಂದಾಗ ಸೈಟಿನ ಒಂದು ಮೂಲೆ ಮಾರಲಾಗಲ್ಲ. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರುವ ರೆವಿನ್ಯೂ ಸೈಟಂತೂ ಬೇಡವೇ ಬೇಡ. ಚೀಟಿ ಬಗ್ಗೆ ಕೇಳಬೇಡಿ, ಹದಿನಾಲ್ಕು ಕಂತು ಕಟ್ಟಿದ ಮೇಲೆ ಚೀಟಿ ನಡೆಸುತ್ತಿದ್ದ ಪುಣ್ಯಾತ್ಮ ಮನೆಗೆ ಬೀಗ ಹಾಕಿಕೊಂಡು ಹೋದ, ನನ್ನ ಹತ್ತಿರ ಈಗಲೂ ಪಾಸ್‌ಬುಕ್ ಇದೆ.

ಪಟ್ಟಿಯನ್ನು ವರ್ಷಕ್ಕೊಮ್ಮೆ ಹೊಸದು ಮಾಡಿ, ಯುಗಾದಿ ಆದ ವಾರ ಅಂತ ಇಟ್ಟುಕೊಂಡರೆ ಮರೆಯಲ್ಲ. ಈ ಸಲ ಚಿಕ್ಕಪ್ಪನ ಪಟ್ಟಿಯಲ್ಲಿ ಹನ್ನೊಂದು ಬಾಬತ್ತಿತ್ತು. ಹನ್ನೊಂದನೆಯದು ನಶ್ಯ. ಚಿಕ್ಕಮ್ಮ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮಂಡಿನೋವಿನ ಎಣ್ಣೆ ಅಂತ ಬರೆದಿದ್ದರು.