ಹೈಟೆನ್ಷನ್ ಲೈನ್‌ಗೆ ದಾರಿ ಹುಡುಕುವುದು ಹೇಗೆ, ಅನುಮತಿ ಪಡೆಯುವುದು ಹೇಗೆ

ಹೊಸದಾಗಿ ಲೈನ್ ಕೆಲಸಕ್ಕೆ ಸೇರಿದ ಹುಡುಗರು ಮೊದಲು ಕೇಳುವ ಪ್ರಶ್ನೆ, "ಸಾರ್, ಒಟ್ಟು ಎಷ್ಟು ಪರ್ಮಿಷನ್ ಬೇಕು?" ಅಂತ. ಉತ್ತರ ಸರಳ: ಅದು ನೀವು ಮ್ಯಾಪ್ ಮೇಲೆ ಎಳೆಯುವ ಗೆರೆಯನ್ನು ನೋಡಿಕೊಂಡಿರುತ್ತದೆ. ಗೆರೆ ಕಾಡಿನ ಅಂಚಿಗೆ ತಾಗಿತೋ, ಅರಣ್ಯ ಇಲಾಖೆ ಬಂತು. ಹಳಿ ದಾಟಿತೋ, ರೈಲ್ವೆ ಬಂತು. ಊರ ಪಕ್ಕದ ಲೇಔಟ್ ಮೇಲೆ ಹೋಯಿತೋ, ಕೋರ್ಟ್ ಬಂತು. ಕರ್ನಾಟಕದಲ್ಲಿ ರೂಟ್ ಸರ್ವೆ ಮಾಡಿಕೊಂಡೇ ತಲೆ ಹಣ್ಣಾದವನು ನಾನು. ನನ್ನ ಅನುಭವದಲ್ಲಿ ಫೈಲ್ ಓಡಿಸುವುದರಲ್ಲಿ ಜಾಣರಾದವರಿಗಿಂತ, ಗೆರೆ ಎಳೆಯುವಾಗ ಬೆವರು ಸುರಿಸಿದವರ ಲೈನ್‌ಗಳೇ ಬೇಗ ಚಾರ್ಜ್ ಆಗಿವೆ, ಅಂದರೆ ಅವುಗಳಲ್ಲಿ ಬೇಗ ವಿದ್ಯುತ್ ಹರಿದಿದೆ.

ಮೊದಲು ವಿದ್ಯುತ್ ಸ್ಥಾವರದ ಮಾತು, ಚಿಕ್ಕದಾಗಿ. ಸೋಲಾರ್ ಹಾಕುವವರು ಅಗ್ಗದ ಜಮೀನು ನೋಡಿ ಮುಂಗಡ ಕೊಟ್ಟುಬಿಡುತ್ತಾರೆ, ಆಮೇಲೆ ಸಬ್‌ಸ್ಟೇಷನ್ ಹುಡುಕುತ್ತಾರೆ. ಆಗಬೇಕಾದ್ದು ತಿರುಗಾಮುರುಗ. ಹತ್ತಿರದ ಸಬ್‌ಸ್ಟೇಷನ್‌ನಲ್ಲಿ ಬೇ (ಲೈನ್ ತಂದು ಜೋಡಿಸುವ ಜಾಗ) ಖಾಲಿ ಇದೆಯಾ, ಅಲ್ಲಿನ ಟ್ರಾನ್ಸ್‌ಫಾರ್ಮರ್ ನಿಮ್ಮ ವಿದ್ಯುತ್ ಹೊರುತ್ತದಾ, ನಿಮಗಿಂತ ಮೊದಲೇ ಯಾರಾದರೂ ಅದೇ ಸಾಮರ್ಥ್ಯಕ್ಕೆ ಅರ್ಜಿ ಹಾಕಿದ್ದಾರಾ, ಇಷ್ಟು ತಿಳಿದ ಮೇಲೆ ಜಮೀನಿನ ಮಾತು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಎದ್ದಿದ್ದಕ್ಕೆ ಬಿಸಿಲು ಒಂದೇ ಕಾರಣ ಅಲ್ಲ. ಸುಮಾರು 13,000 ಎಕರೆಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಜಮೀನು ಮಾರುವುದಿಲ್ಲ ಅನ್ನುವವರನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆ ದಾರಿ ನಾನು ನೋಡಿಲ್ಲ.

ಕಲ್ಲಿದ್ದಲು ಸ್ಥಾವರದ ಲೆಕ್ಕ ಬೇರೆ. ಅದಕ್ಕೆ ನೀರು ಬೇಕು, ರೈಲು ಬೇಕು, ಬೂದಿ ಹಾಕಲು ಜಾಗ ಬೇಕು. ರಾಯಚೂರಿನದು ಕೃಷ್ಣೆಯ ದಂಡೆಗೆ ಹೋಗಿ ಕೂತಿದ್ದು, ಕೂಡಗಿಯದು ಆಲಮಟ್ಟಿಯ ನೀರು ನಂಬಿಕೊಂಡಿದ್ದು ಸುಮ್ನೆ ಅಲ್ಲ. 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ 500 ಮೆಗಾವ್ಯಾಟ್ ಮತ್ತು ಅದಕ್ಕೂ ದೊಡ್ಡ ಕಲ್ಲಿದ್ದಲು ಸ್ಥಾವರಕ್ಕೆ ಪರಿಸರ ಅನುಮತಿ ದೆಹಲಿಯಿಂದಲೇ ಬರಬೇಕು, ಜನರ ಅಹವಾಲು ಸಭೆಯೂ ಆಗಬೇಕು. ಟ್ರಾನ್ಸ್‌ಮಿಷನ್ ಲೈನ್ ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಕೇಳಿದ ಕೂಡಲೇ "ಹಾಗಾದ್ರೆ ನಮಗೆ ಪರಿಸರದ ತಂಟೆಯೇ ಇಲ್ಲ" ಅಂತ ಖುಷಿಪಡುವವರಿದ್ದಾರೆ. ಕಾಡಿನ ಕಾನೂನು ಬೇರೆಯೇ ಇದೆ, ಅದಕ್ಕೆ ಆಮೇಲೆ ಬರೋಣ.

ಮೇಜಿನ ಮೇಲೆ ಮೂರು ಗೆರೆ

ಎರಡು ಸಬ್‌ಸ್ಟೇಷನ್‌ಗಳ ನಡುವೆ ಮೊದಲು ನೇರ ಗೆರೆ ಎಳೆಯಿರಿ. ಆ ಗೆರೆಯಲ್ಲಿ ಲೈನ್ ಯಾವತ್ತೂ ಹೋಗುವುದಿಲ್ಲ, ಆದರೆ ನಿಮ್ಮ ರೂಟ್ ಎಷ್ಟು ಸುತ್ತುತ್ತಿದೆ ಅನ್ನುವುದಕ್ಕೆ ಅದೇ ಅಳತೆಗೋಲು. ಆಮೇಲೆ ಟೋಪೋಶೀಟ್ (ಗುಡ್ಡ, ಹಳ್ಳ ತೋರಿಸುವ ನಕ್ಷೆ), ಸ್ಯಾಟಲೈಟ್ ಚಿತ್ರ ಎರಡನ್ನೂ ಇಟ್ಟುಕೊಂಡು ಕೆಂಪು ಬಣ್ಣದಲ್ಲಿ ಅಡ್ಡಿಗಳನ್ನು ಗುರುತು ಮಾಡಿ: ಕಾಡು, ಕೆರೆ, ಊರು, ಶಾಲೆ, ಕಲ್ಲು ಕ್ವಾರಿ, ಇಟ್ಟಿಗೆ ಭಟ್ಟಿ, ವಿಮಾನ ಇಳಿಯುವ ಜಾಗ. ಕ್ವಾರಿಯನ್ನು ಜನ ಮರೆಯುತ್ತಾರೆ. ಬ್ಲಾಸ್ಟ್ ಆದಾಗ ಹಾರುವ ಕಲ್ಲು ಇನ್ಸುಲೇಟರ್ ಒಡೆಯುತ್ತದೆ. ಜಾತ್ರೆ ನಡೆಯುವ ಬಯಲನ್ನೂ ಗುರುತು ಹಾಕಿ, ತೇರಿನ ಎತ್ತರ ಎಷ್ಟು ಅಂತ ಊರಿನವರನ್ನೇ ಕೇಳಿ. ಹೀಗೆ ಮೂರು ರೂಟ್ ಮಾಡಿ. ಅರಣ್ಯದ ಅರ್ಜಿಯಲ್ಲಿ ಬೇರೆ ದಾರಿ ನೋಡಿದ್ದೀರಾ ಅಂತ ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಆಗ ಹುಟ್ಟಿಸಿದರೆ ಓದುವವರಿಗೆ ಗೊತ್ತಾಗಿಬಿಡುತ್ತದೆ.

ತಿರುವು ಎಷ್ಟು ಕೊಡಬೇಕು ಅನ್ನುವುದೊಂದು ಜಗ್ಗಾಟ. ನೇರ ಓಟದ ಟವರ್ 2 ಡಿಗ್ರಿವರೆಗಿನ ತಿರುವು ತಡೆಯುತ್ತದೆ, ಅದರ ಮೇಲೆ 15, 30, 60 ಡಿಗ್ರಿಗೆ ಬೇರೆ ಬೇರೆ ಟವರ್. ತಿರುವು ಜಾಸ್ತಿಯಾದಷ್ಟೂ ಕಬ್ಬಿಣ ಜಾಸ್ತಿ, ಕಾಂಕ್ರೀಟ್ ಜಾಸ್ತಿ. ಅದಕ್ಕೇ ಡಿಸೈನ್‌ನವರು ನೇರ ಹೋಗು ಅನ್ನುತ್ತಾರೆ. ನನ್ನನ್ನು ಕೇಳಿದರೆ, ಒಂದು ತೆಂಗಿನ ತೋಟ ಉಳಿಸಲು ಒಂದು ಆ್ಯಂಗಲ್ ಟವರ್ ಜಾಸ್ತಿ ಹಾಕಿದರೆ ಅದು ಲಾಭವೇ. ತೋಟದ ಜಗಳ ಒಂದು ಸೀಸನ್ ಕೆಲಸ ನಿಲ್ಲಿಸಿದರೆ ಆ ಕಬ್ಬಿಣದ ಖರ್ಚು ಯಾವ ಮೂಲೆಗೂ ಸಾಲದು.

ಇನ್ನೊಂದು, ಹಳೇ ಲೈನ್ ಎಲ್ಲಿ ಹೋಗಿದೆ ನೋಡಿ. ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಪಶ್ಚಿಮ ಘಟ್ಟದ ಮೂಲಕ 400 ಕೆವಿ ಲೈನ್ ಯೋಜನೆ ಆಯಿತಲ್ಲ, ಅದು ಹೊಸ ಜಾಡಿನಲ್ಲಿ ಕಾಡು ಸೀಳಿಕೊಂಡು ಹೋಗುವಂತಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಅದನ್ನು ಒಪ್ಪಲಿಲ್ಲ. ಈಗಾಗಲೇ ಇರುವ ಲೈನ್‌ಗಳ ಜಾಡು ಹಿಡಿದು ಮತ್ತೆ ಎಳೆಯಿರಿ ಅಂತು. 2022ರಲ್ಲಿ ಕೋರ್ಟೂ ಅದನ್ನೇ ಹೇಳಿತು. ಒಮ್ಮೆ ಮರ ಕಡಿದ ಜಾಗದ ಪಕ್ಕದಲ್ಲೇ, ಅಥವಾ ಹಳೇ ಟವರ್ ತೆಗೆದು ಅಲ್ಲೇ ದೊಡ್ಡ ಟವರ್ ಹಾಕುವುದು ಕಷ್ಟದ ಕೆಲಸ ನಿಜ, ಲೈನ್ ಬಂದ್ ಮಾಡಬೇಕಾಗುತ್ತದೆ. ಆದರೂ ಘಟ್ಟದಲ್ಲಿ ಮೊದಲ ಆಯ್ಕೆ ಅದೇ ಇರಲಿ.

ಕಾಲ್ನಡಿಗೆ ಸರ್ವೆ

ಮ್ಯಾಪ್ ಎಷ್ಟೇ ಚೆನ್ನಾಗಿರಲಿ, ಪೂರ್ತಿ ರೂಟ್ ನಡೆಯಲೇಬೇಕು. ಡ್ರೋನ್ ಬಂದಮೇಲೆ ನಡೆಯೋದು ಯಾಕೆ ಅನ್ನುವವರಿಗೆ ಒಂದೇ ಮಾತು: ಡ್ರೋನ್ ಜೊತೆ ಯಾರೂ ಮಾತಾಡೋದಿಲ್ಲ. ಹೊಲದಲ್ಲಿ ನಿಂತರೆ ಯಜಮಾನ ಬಂದು "ಏನ್ ಸ್ವಾಮಿ?" ಅಂತಾನೆ, ಅಲ್ಲಿಂದ ನಿಮಗೆ ಬೇಕಾದ್ದೆಲ್ಲ ಶುರು. ಮಗನಿಗೆ ಮನೆ ಕಟ್ಟಲು ಯಾವ ಮೂಲೆ ಇಟ್ಟಿದ್ದಾನೆ, ಯಾವ ಜಾಗ ಅಣ್ಣ ತಮ್ಮಂದಿರ ಕೇಸಿನಲ್ಲಿದೆ, ಮಳೆಗಾಲದಲ್ಲಿ ಕೋಡಿ ನೀರು ಎಲ್ಲಿವರೆಗೆ ಬರುತ್ತದೆ, ಇದ್ಯಾವುದೂ ಚಿತ್ರದಲ್ಲಿ ಕಾಣೋದಿಲ್ಲ. ಮೇಲಿನಿಂದ ಖಾಲಿ ಕಂಡ ಹೊಲದಲ್ಲಿ ಅಡಿಕೆ ಸಸಿ ನೆಟ್ಟು ಆರು ತಿಂಗಳಾಗಿರುತ್ತದೆ.

ಬೋರ್‌ವೆಲ್ ಮೇಲೆ ವಿಶೇಷ ಕಣ್ಣಿಡಿ. ತಂತಿಯ ಕೆಳಗೆ ಬೋರ್ ಇದ್ದರೆ ಏನಾಯ್ತು, ಅದು ನೆಲದೊಳಗೆ ತಾನೇ ಇರೋದು ಅನ್ನಿಸುತ್ತದೆ. ಪಂಪ್ ಕೆಟ್ಟ ದಿನ ನೋಡಿ. ಟ್ರೈಪಾಡ್ ನಿಲ್ಲಿಸಿ, ಚೈನ್ ಹಾಕಿ, ಇಪ್ಪತ್ತು ಅಡಿಯ ಜಿಐ ಪೈಪನ್ನು ಒಂದೊಂದಾಗಿ ಮೇಲಕ್ಕೆ ಎಳೆಯುತ್ತಾರೆ. ಬಿಚ್ಚಿದ ಪೈಪನ್ನು ಒಬ್ಬ ನೆಟ್ಟಗೆ ಹಿಡಿದು ಪಕ್ಕಕ್ಕೆ ಒಯ್ಯುತ್ತಾನೆ. ಅವನ ಗಮನವೆಲ್ಲ ಕಾಲ ಕೆಳಗಿನ ಕೆಸರಿನ ಮೇಲೆ. ತಂತಿಗೆ ಪೈಪ್ ತಾಗುವುದೇ ಬೇಕಿಲ್ಲ, ಹತ್ತಿರ ಹೋದರೆ ಸಾಕು. ಅದಕ್ಕೇ ಬೋರ್ ಕಂಡಲ್ಲೆಲ್ಲ ಜಿಪಿಎಸ್ ಪಾಯಿಂಟ್ ಹೊಡೆದು, ಕಾರಿಡಾರ್‌ನಿಂದ (ತಂತಿಯ ಕೆಳಗೆ ಲೈನ್‌ಗೆ ಅಂತ ಬಿಡುವ ಪಟ್ಟಿ) ಹೊರಗೆ ಉಳಿಯುವ ಹಾಗೆ ಗೆರೆ ಸರಿಸಿ. ಆಗಲ್ಲ ಅಂದರೆ ಬೇರೆ ಕಡೆ ಬೋರ್ ಕೊರೆಸಿಕೊಡುವ ಖರ್ಚನ್ನು ಎಸ್ಟಿಮೇಟಿನಲ್ಲೇ ಸೇರಿಸಿ.

ಟವರ್ ಎಲ್ಲಿಡಬೇಕು? ಹೊಲದ ನಟ್ಟನಡುವೆ ಇಟ್ಟರೆ ಟ್ರ್ಯಾಕ್ಟರ್ ಪ್ರತಿ ಸಾಲಿಗೂ ಸುತ್ತು ಹಾಕಬೇಕು. ಬದುವಿನ ಮೇಲೆ ಎರಡು ಕಾಲು ಅತ್ತ, ಎರಡು ಕಾಲು ಇತ್ತ ಇಟ್ಟರೆ ಇಬ್ಬರು ಮಾಲೀಕರು, ಎರಡು ಪರಿಹಾರ, ಮೂರು ಜಗಳ. ಬದುವಿನ ಹತ್ತಿರ, ಆದರೆ ನಾಲ್ಕೂ ಕಾಲು ಒಬ್ಬರದೇ ಸರ್ವೆ ನಂಬರ್‌ನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆದರೆ ಅದನ್ನೇ ನಂಬಿ ಟವರ್ ಕಾಲಿನ ಗುಂಡಿ ಮಾರ್ಕ್ ಮಾಡಬೇಡಿ, ಸರ್ವೆಯರ್ ಕರೆಸಿ ಗಡಿ ಕಲ್ಲು ನೋಡಿ.

ಸರ್ಕಾರಿ ಜಾಗ ಸಿಕ್ಕಿದರೆ ಹಿಗ್ಗಬೇಡಿ. ಪಹಣಿಯಲ್ಲಿ ಗೋಮಾಳ ಅಂತಿರುತ್ತದೆ, ಅರಣ್ಯ ಇಲಾಖೆಯ ಕಡತದಲ್ಲಿ ಅದೇ ಸರ್ವೆ ನಂಬರ್ ಸೆಕ್ಷನ್ 4 ಅಧಿಸೂಚನೆಯಲ್ಲೋ (ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಪ್ರಕಟಣೆ) ಡೀಮ್ಡ್ ಅರಣ್ಯದ (ಅರಣ್ಯ ಅಂತಲೇ ಪರಿಗಣಿಸುವ ಜಾಗ) ಪಟ್ಟಿಯಲ್ಲೋ ಇರುತ್ತದೆ. ಮೇಲಿಂದ ಬಗರ್ ಹುಕುಂ ಅರ್ಜಿ ಹಾಕಿದವನು ರಾಗಿ ಬೆಳೆದಿರುತ್ತಾನೆ. ಪೆಗ್ ಹೊಡೆಯುವ ಮೊದಲು ವಲಯ ಅರಣ್ಯಾಧಿಕಾರಿ, ತಹಶೀಲ್ದಾರ್ ಕಚೇರಿ ಎರಡೂ ಕಡೆಯವರನ್ನು ಸೇರಿಸಿ ಜಂಟಿ ಸರ್ವೆ ಮಾಡಿಸಿ, ಸಹಿ ಹಾಕಿಸಿಕೊಳ್ಳಿ.

ಅನುಮತಿಗಳು, ಬರುವ ಕ್ರಮದಲ್ಲಿ

2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 68 ಪ್ರಕಾರ ಓವರ್‌ಹೆಡ್ ಲೈನ್‌ಗೆ ಸರ್ಕಾರದ ಪೂರ್ವಾನುಮತಿ ಬೇಕು. ಇದು ಬುನಾದಿ. ಆದರೆ ಇದೊಂದರಿಂದ ಹೊಲಕ್ಕೆ ಕಾಲಿಡುವ ಹಕ್ಕು ಬರುವುದಿಲ್ಲ. ಅದಕ್ಕೆ ಸೆಕ್ಷನ್ 164ರ ಅಡಿಯಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಗಬೇಕು. ಹೌದು, ತಂತಿ ಸುದ್ದಿ ಸತ್ತರೂ ಆ ಕಾಯ್ದೆ ನಮ್ಮನ್ನು ಬಿಟ್ಟಿಲ್ಲ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಾಗಲೂ ವಿದ್ಯುತ್ ಲೈನ್‌ಗಳಿಗೆ ಹಳೆಯದರ ಮೂರನೇ ಭಾಗವನ್ನು ಉಳಿಸಿಕೊಂಡಿದ್ದಾರೆ. ಅರ್ಜಿಗೆ ಮುಂಚೆ ಪತ್ರಿಕಾ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುವಾಗ ಹಳ್ಳಿಗಳ ಹೆಸರು ಒಂದೂ ಬಿಟ್ಟುಹೋಗದಂತೆ ನೋಡಿ. ಬಿಟ್ಟ ಹಳ್ಳಿಯಲ್ಲೇ ವಕೀಲರಿರುತ್ತಾರೆ.

ಈ ಟೆಲಿಗ್ರಾಫ್ ಕಾಯ್ದೆಯಲ್ಲಿ ಜಮೀನು ಸ್ವಾಧೀನ ಇಲ್ಲ. ಲೈನ್ ಹಾಯಿಸುವ, ನೋಡಿಕೊಳ್ಳುವ ಹಕ್ಕು ಮಾತ್ರ. ಜಮೀನು ರೈತನದೇ. ಆದ ನಷ್ಟಕ್ಕೆ ಪೂರ್ತಿ ಪರಿಹಾರ ಕೊಡಬೇಕು. ಅಡ್ಡ ಬಂದರೆ ಸೆಕ್ಷನ್ 16ರಲ್ಲಿ ಜಿಲ್ಲಾಧಿಕಾರಿ ಆದೇಶ ಕೊಡಬಹುದು. ಪರಿಹಾರ ಕಮ್ಮಿ ಅನ್ನಿಸಿದರೆ ರೈತ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬಹುದು. ಇದನ್ನು ನೀವೇ ಮೊದಲ ದಿನ ರೈತನಿಗೆ ಹೇಳಿ. ಮುಚ್ಚಿಟ್ಟರೆ ಬೇರೆಯವರು ಹೇಳುತ್ತಾರೆ, ಆಮೇಲೆ ನಿಮ್ಮ ಮಾತು ಯಾರೂ ನಂಬೋದಿಲ್ಲ.

ಅರಣ್ಯಕ್ಕೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ. ಮೊದಲ ಹಂತದ ತಾತ್ವಿಕ ಒಪ್ಪಿಗೆ, ಅದರ ಷರತ್ತುಗಳ ಪ್ರಕಾರ ಹಣ ಕಟ್ಟಿ, ಬದಲಿ ಅರಣ್ಯೀಕರಣಕ್ಕೆ ವ್ಯವಸ್ಥೆ ಮಾಡಿದ ಮೇಲೆ ಎರಡನೇ ಹಂತ. ಅಭಯಾರಣ್ಯವಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಗೂ ಹೋಗಬೇಕು. ಇದೇ ಎಲ್ಲಕ್ಕಿಂತ ನಿಧಾನ. ಹಾಗಾಗಿ ಇದನ್ನು ಮೊದಲು ಹಾಕಿ, ಉಳಿದವು ಇದರ ಹಿಂದೆ ಬರಲಿ. ಸಿರುಗುಪ್ಪದ ಕಡೆ ಕೆಲಸವಿದ್ದರೆ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆನಪಿರಲಿ. ಅದಕ್ಕೆ ಮುಂದೆ ನೇರ ಇರುವ ತಂತಿ ಕಾಣುವುದು ಕಷ್ಟ, ಭಾರಿ ದೇಹ, ತಟ್ಟನೆ ತಿರುಗಲೂ ಆಗದು.

ಇನ್ನುಳಿದವು ಪತ್ರ ವ್ಯವಹಾರ: ರೈಲ್ವೆ, ಹೆದ್ದಾರಿ, ವಿಮಾನ ನಿಲ್ದಾಣ, ಟೆಲಿಫೋನ್ ಲೈನ್‌ಗೆ ತೊಂದರೆಯಾಗದಂತೆ ನೋಡುವ ಪಿಟಿಸಿಸಿ. ಹಳಿಯನ್ನು ಆದಷ್ಟು 90 ಡಿಗ್ರಿಯಲ್ಲೇ ದಾಟಿ, ಅರ್ಜಿ ಬೇಗ ಮುಂದೆ ಹೋಗುತ್ತದೆ.

ದುಡ್ಡಿನ ಲೆಕ್ಕ, ರೈತನ ಮುಂದೆಯೇ

220 ಕೆವಿ ಲೈನ್‌ನ ಕಾರಿಡಾರ್ 35 ಮೀಟರ್ ಅಗಲ, 400 ಕೆವಿಗೆ 46 ಮೀಟರ್. ಅಂದರೆ ಒಂದು ಕಿಲೋಮೀಟರ್ 400 ಕೆವಿ ಲೈನ್ ಕೆಳಗೆ 11 ಎಕರೆಗೂ ಜಾಸ್ತಿ ಜಮೀನು. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿಯಲ್ಲಿ ಟವರ್ ಜಾಗಕ್ಕೆ ಜಮೀನು ಬೆಲೆಯ ಶೇ. 85, ಕಾರಿಡಾರ್‌ಗೆ ಹೆಚ್ಚೆಂದರೆ ಶೇ. 15 ಇತ್ತು. 2024ರ ಜೂನ್‌ನಲ್ಲಿ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಿದರು. ರಾಜ್ಯದ ಆದೇಶದಲ್ಲಿ ಏನಿದೆ ಅನ್ನುವುದೇ ಕೊನೆಗೆ ಲೆಕ್ಕ, ಆ ಆದೇಶದ ಪ್ರತಿ ಜೇಬಿನಲ್ಲಿರಲಿ.

ಒಂದು ಉದಾಹರಣೆ. ಎಕರೆಗೆ 10 ಲಕ್ಷ ಅಂದುಕೊಳ್ಳಿ, ಗುಂಟೆಗೆ 25,000. 220 ಕೆವಿ ಲೈನ್ ಒಬ್ಬರ ಜಮೀನಿನಲ್ಲಿ 200 ಮೀಟರ್ ಹೋಗುತ್ತದೆ, ಒಂದು ಟವರ್ ಇದೆ. ಕಾಲಿಂದ ಕಾಲಿಗೆ 10 ಮೀಟರ್ ಅಂದರೆ, ಸುತ್ತ ಒಂದೊಂದು ಮೀಟರ್ ಸೇರಿಸಿ 144 ಚದರ ಮೀಟರ್, ಒಂದೂವರೆ ಗುಂಟೆಗೂ ಸ್ವಲ್ಪ ಕಮ್ಮಿ. 2024ರ ದರದಲ್ಲಿ ಟವರ್‌ಗೆ ಸುಮಾರು 71,000 ರೂಪಾಯಿ. ಕಾರಿಡಾರ್‌ಗೆ? ಟವರ್ ಜಾಗ ಕಳೆದು ಹತ್ತಿರ ಹತ್ತಿರ 68 ಗುಂಟೆ, ಅದರ ಶೇ. 30 ಅಂದರೆ 5 ಲಕ್ಷದ ಮೇಲೆ. ಎಲ್ಲರೂ ಟವರ್ ಯಾರ ಹೊಲಕ್ಕೆ ಅಂತಲೇ ಹೊಡೆದಾಡುತ್ತಾರೆ, ದೊಡ್ಡ ಮೊತ್ತ ಇರೋದು ತಂತಿಯ ಕೆಳಗೆ! ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿ, ಆ ಕಾಗದ ಅವರಿಗೇ ಕೊಟ್ಟು ಬನ್ನಿ. ಮರ ಮತ್ತು ಬೆಳೆಯ ಪರಿಹಾರ ಇದರ ಹೊರಗೆ. ತೆಂಗು, ಅಡಿಕೆ, ಮಾವಿಗೆ ತೋಟಗಾರಿಕೆ ಇಲಾಖೆ ಬೆಲೆ ಕಟ್ಟುತ್ತದೆ, ತೇಗಕ್ಕೆ ಅರಣ್ಯ ಇಲಾಖೆ. ಮರ ಎಣಿಸುವಾಗ ಮಾಲೀಕ ಜೊತೆಗಿರಲಿ, ಪ್ರತಿ ಮರಕ್ಕೂ ಬಣ್ಣದಲ್ಲಿ ನಂಬರ್ ಬರೆದು ಫೋಟೋ ತೆಗೆಯಿರಿ. ಕಡಿದ ಮೇಲೆ ಎಣಿಸಲು ಹೋದರೆ ಮುಗಿಯಿತು ಕಥೆ.

ಕೆಲಸ ಮುಗಿದ ಮೇಲೆ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಇಲ್ಲದೆ ಚಾರ್ಜ್ ಮಾಡುವಂತಿಲ್ಲ. ಅವರು ಬರುವ ಮೊದಲು ನೀವೇ ಒಮ್ಮೆ ಪೂರ್ತಿ ಲೈನ್ ಕೆಳಗೆ ನಡೆದು ನೆಲದಿಂದ ತಂತಿಯ ಎತ್ತರ ಅಳೆಯಿರಿ: 220 ಕೆವಿಗೆ 7 ಮೀಟರ್‌ಗಿಂತ ಸ್ವಲ್ಪ ಮೇಲೆ, 400 ಕೆವಿಗೆ 8.84 ಮೀಟರ್ ಕನಿಷ್ಠ. ತಂತಿ ಬಿಸಿಯಾದಾಗ ಇನ್ನೂ ಜೋಲುತ್ತದೆ, ಹಾಗಾಗಿ ಅಳೆದ ಎತ್ತರ ಕನಿಷ್ಠಕ್ಕೆ ಸರಿಯಾಗಿದ್ದರೆ ಅದು ಪಾಸ್ ಅಲ್ಲ. ಸರ್ವೆ ಆದಮೇಲೆ ಯಾರಾದರೂ ಮಣ್ಣು ತುಂಬಿ ರಸ್ತೆ ಏರಿಸಿದ್ದಾರಾ, ಮೆದೆ ಒಟ್ಟಿದ್ದಾರಾ ನೋಡಿ. ಚಾರ್ಜ್ ಮಾಡುವ ದಿನಾಂಕವನ್ನು ಪತ್ರಿಕೆಯಲ್ಲಿ ಹಾಕಿದರೆ ಸಾಲದು, ಊರಲ್ಲಿ ಆಟೋಗೆ ಮೈಕ್ ಕಟ್ಟಿ ಹೇಳಿಸಿ. ಖಾಲಿ ಲೈನ್ ಅಂತ ಟವರ್‌ಗೆ ದನ ಕಟ್ಟುವ ಅಭ್ಯಾಸ ಅಷ್ಟರಲ್ಲಿ ಆಗಿಬಿಟ್ಟಿರುತ್ತದೆ.