ಹುಣಸೆ ಬೀಜದ ಬಜೆಟ್

ಲಿಂಗಸುಗೂರು ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ನಾಲ್ಕು ಹಳ್ಳಿ, ಎರಡು ತಾಂಡಾ, ಒಂಬತ್ತು ಜನ ಸಿಬ್ಬಂದಿ. ದುಡ್ಡು ಹೊರದೇಶದ ದಾನಿಯದು, ಉಸ್ತುವಾರಿ ಅವರ ಬೆಂಗಳೂರು ಆಫೀಸಿನದು. ಖರ್ಚು ಎಲ್ಲಿ ಮಾಡಬೇಕೆಂದು ಊರಿನವರೇ ತೀರ್ಮಾನಿಸಲಿ ಅಂದಾಗ ಆ ಆಫೀಸಿನವರು ನಕ್ಕಿದ್ದರು. "ಎಲ್ಲಾ ದೊಡ್ಡವರ ಮನೆ ಮುಂದೇ ಹೋಗುತ್ತೆ, ನೋಡ್ತಾ ಇರಿ" ಅಂದರು.

ಮೊದಲ ವರ್ಷ ಹಾಗೇ ಆಯ್ತು, ಅದನ್ನೇನೂ ಮುಚ್ಚಿಡಲ್ಲ. 13 ಜನರ ಸಮಿತಿ, ಅದರಲ್ಲಿ ಏಳು ಹೆಂಗಸರು. ಎಲ್ಲಾ ಓಣಿಯವರೂ ಇದ್ದರು, ತಾಂಡಾದವರೂ ಇದ್ದರು. ಫೋಟೋ ಚೆನ್ನಾಗಿ ಬಂತು. ಆದರೆ ಸಭೆ ಕರೆದದ್ದು ಗುಡಿ ಕಟ್ಟೆಯಲ್ಲಿ, ಬೆಳಿಗ್ಗೆ 11ಕ್ಕೆ. ಕೂಲಿಗೆ ಹೋದವರು ಬರಲಿಲ್ಲ. ಕೇರಿಯ ಹೆಂಗಸರು ಬಂದರೂ ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತರು. ಮೂವರ ಸಹಿ ಅವರ ಗಂಡಂದಿರೇ ಹಾಕಿದ್ದರು. ಸುಮಾರು 40 ಸಾವಿರದ ಸೋಲಾರ್ ದೀಪ ಒಂದೇ ಬೀದಿಯಲ್ಲಿ ಉರಿದವು. ದಾನಿಯ ಫಾರಂನಲ್ಲಿ 'ಎಲ್ಲರನ್ನೂ ಒಳಗೊಂಡಿದೆಯೇ' ಅನ್ನೋ ಕಡೆ ಟಿಕ್ ಹಾಕಿದವನೂ ನಾನೇ.

ಎರಡನೇ ವರ್ಷ ಸಭೆ ಶಾಲೆ ಪಡಸಾಲೆಗೆ ಬಂತು, ರಾತ್ರಿ ಎಂಟಕ್ಕೆ. ಕೇರಿಯ ಅಜ್ಜಿಯೊಬ್ಬರು ಕಿಟ್ಲಿ ತುಂಬ ಚಹಾ ತಂದರು. ಒಂಬತ್ತು ಕಪ್ಪಿಗೆ ಬಗ್ಗಿಸಿಟ್ಟರು. ಐದು ಖಾಲಿಯಾದವು. ಉಳಿದ ನಾಲ್ಕರ ಮೇಲೆ ಕೆನೆ ಕಟ್ಟಿತು, ಒಂದರಲ್ಲಿ ಇರುವೆ ಬಿತ್ತು. ಯಾರೂ ಮಾತಾಡಲಿಲ್ಲ. ನಾನೂ ಭಾಷಣ ಮಾಡಲಿಲ್ಲ. ಚಹಾ ಸರದಿ ಮೇಲೆ, ಓಣಿಗೊಂದು ಸಲ, ಅಂತ ಮುಂದಿನ ಸಭೆಯಲ್ಲಿ ಠರಾವು ಬರೆಸಿದೆ. ಇಬ್ಬರು ಸಮಿತಿ ಬಿಟ್ಟರು. ಹೋಗಲಿ ಬಿಡಿ ಅಂದೆ. ನಾಲ್ಕು ತಿಂಗಳ ಮೇಲೆ ಒಬ್ಬರು ವಾಪಸ್ ಬಂದರು, ಕೈಯಲ್ಲಿ ಮನೆಯ ನೀರಿನ ಬಾಟ್ಲಿ ಹಿಡಿದು. ಈಗಲೂ ತರುತ್ತಾರೆ.

ಗಂಡಂದಿರು ಬಂದು ಪಕ್ಕದಲ್ಲೇ ಕೂರುವುದನ್ನು ತಪ್ಪಿಸಲು ಒಂದು ಉಪಾಯ ಮಾಡಿದೆ. ಅದನ್ನು ಇಲ್ಲಿ ಬರೆದರೆ ಅವರೂ ಓದುತ್ತಾರೆ, ಬೇಡ.

ದುಡ್ಡಿನ ಕಷ್ಟ ಬೇರೆ. ದೊಡ್ಡ ದಾನಿಗಳು 2016ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿ, ಮಾನವೀಯ ನೆರವಿನ ನೂರಕ್ಕೆ 25ರಷ್ಟನ್ನು 2020ರೊಳಗೆ ಆಯಾ ದೇಶದ, ಊರಿನ ಸಂಸ್ಥೆಗಳಿಗೇ ಆದಷ್ಟು ನೇರವಾಗಿ ಕೊಡುತ್ತೇವೆ ಅಂದಿದ್ದರು. ಅದೇ 2020ರಲ್ಲಿ ನಮ್ಮ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾನೂನು, ಬದಲಾಯಿತು. ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ 50ರಿಂದ 20 ಪರ್ಸೆಂಟಿಗೆ ಇಳಿಯಿತು. ಹಾಗಾಗಿ ಮಹಿಳಾ ಒಕ್ಕೂಟದ ಖಾತೆಗೆ ದುಡ್ಡು ಹಾಕುವ ನನ್ನ ಪ್ಲಾನ್ ಸತ್ತಿತು. ಆಡಿಟರ್ ಜೊತೆ ಕೂತು ದಾರಿ ಹುಡುಕಿದೆವು: ತೀರ್ಮಾನ, ಕೊಟೇಶನ್, ಕೆಲಸ ಒಪ್ಪಿಕೊಳ್ಳೋದು ಸಮಿತಿಯದು, ಬಿಲ್ಲಿನ ಚೆಕ್ ಮಾತ್ರ ನಮ್ಮದು. ಸಮಿತಿ ಸಹಿ ಇಲ್ಲದ ಬಿಲ್ಲನ್ನು ನಾವು ಮುಟ್ಟಲ್ಲ. ಒಂದು ಸಲ ನನ್ನದೇ ಬಿಲ್ ವಾಪಸ್ ಬಂತು.

ಕೈ ಎತ್ತಿಸಿದರೆ ಎಲ್ಲರೂ ಒಬ್ಬರ ಮುಖ ನೋಡುತ್ತಿದ್ದರು. ಅದಕ್ಕೆ ಕೆಲಸಕ್ಕೊಂದರಂತೆ ಬಟ್ಟೆ ಮುಚ್ಚಿದ ಮೂರು ಗಡಿಗೆ ಇಟ್ಟೆ, ಮತ ಹಾಕೋಕೆ ಒಬ್ಬೊಬ್ಬರಿಗೆ ಒಂದೊಂದು ಪುಠಾಣಿ ಕಾಳು. ಎಣಿಸುವ ಹೊತ್ತಿಗೆ ಹುಡುಗರು ತಿಂದು ಮುಗಿಸಿದ್ದರು. ಆಮೇಲೆ ಹುಣಸೆ ಬೀಜ ಕೊಟ್ಟೆ. ಊರೆಲ್ಲಾ ಸೇರಿದ ಸಭೆಯಲ್ಲಿ 60 ಚಿಲ್ಲರೆ ಜನಕ್ಕೆ 90ರ ಮೇಲೆ ಬೀಜ ಸಿಕ್ಕಿದವು! ಮನೆಯಿಂದ ತಂದಿದ್ದರು. ಈಗ ಬೀಜಕ್ಕೆ ಬಣ್ಣ ಬಳಿಯುತ್ತೇವೆ. ಯಾವ ಬಣ್ಣ ಅಂತ ಅವತ್ತು ಸಂಜೆಯೇ ಗೊತ್ತಾಗೋದು.

ಗೆದ್ದಿದ್ದು ಇಲ್ಲಿ. ಇಲ್ಲಿನ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ದಾನಿಯ ಬಜೆಟ್ಟಿನಲ್ಲಿ ಸುಮಾರು ಆರು ಲಕ್ಷದ ಹೊಸ ಶುದ್ಧ ನೀರಿನ ಘಟಕ ಇತ್ತು. ತಾಂಡಾದ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಹೊಸಾದು ಯಾಕ್ರಿ ಸರ್ರ? ಕೆಟ್ಟಿದ್ದು ನಿಂತೈತಲ್ಲ, ಅದನ್ನ ರಿಪೇರಿ ಮಾಡಸ್ರಿ" ಅಂದಳು. ಬೀಜಗಳೂ ಆ ಗಡಿಗೆಗೇ ಬಿದ್ದವು. ಪಂಚಾಯ್ತಿ ಠರಾವು ಸಿಗೋಕೆ ಮೂರು ತಿಂಗಳು ಹಿಡಿಯಿತು. ಮೋಟರ್, ಮೆಂಬ್ರೇನ್, ವೈರಿಂಗ್ ಎಲ್ಲಾ ಸೇರಿ 80-85 ಸಾವಿರ. ಬೆಂಗಳೂರಿನವರಿಗೆ ಬೇಜಾರಾಯ್ತು. ರಿಪೇರಿಗೆ ಅವರ ಹೆಸರಿನ ಬೋರ್ಡ್ ಹಾಕೋಕಾಗಲ್ಲ, ಅಲ್ವಾ? ಘಟಕ ಎರಡು ಬೇಸಿಗೆ ನಡೆದಿದೆ. ಕ್ಯಾನಿಗೆ ಐದು ರೂಪಾಯಿ. ಅದರಲ್ಲೇ ನೋಡಿಕೊಳ್ಳುವವಳ ಪಗಾರ ಹೊರಡುತ್ತದೆ, ತಿಂಗಳಿಗೆ ಒಂದಿಷ್ಟು ಉಳಿಯುತ್ತದೆ ಕೂಡ.

ಇದರ ಜೊತೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಕೆಲಸದ ಜಾಹೀರಾತಿನಿಂದ 'ಇಂಗ್ಲಿಷ್ ಬರಬೇಕು' ಅನ್ನೋ ಸಾಲು ತೆಗೆದೆ. ಹಿಂದಿನ ಸಲ ಏಳೆಂಟು ಅರ್ಜಿ ಬಂದಿದ್ದವು, ಈ ಸಲ 50 ದಾಟಿದವು. ಲಂಬಾಣಿ ಹುಡುಗಿಯೊಬ್ಬಳನ್ನು ತೆಗೆದುಕೊಂಡೆವು. ಅವಳು ವರದಿಯನ್ನು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಾಳೆ, ನಾವು ಬರೆಸಿಕೊಂಡು ಅನುವಾದ ಮಾಡಿಸುತ್ತೇವೆ. ತಿಂಗಳಿಗೆ ಮೂರು ಸಾವಿರ ಖರ್ಚು. 'ಗುಳೆ' ಅಂದರೇನು ಅಂತ ದಾನಿಗೆ ತಿಳಿಸೋಕೆ ಮಾತ್ರ ನಾಲ್ಕು ಇಮೇಲ್ ಬೇಕಾದವು.

ಈಗ ಬೆಂಗಳೂರಿನವರೇ ಫೋನ್ ಮಾಡಿ, ನಿಮ್ಮ ಪದ್ಧತಿಯನ್ನು ಒಂದು ಪುಟದಲ್ಲಿ ಬರೆದುಕೊಡಿ, ಬೇರೆ ಜಿಲ್ಲೆಗೂ ಕಳಿಸೋಣ ಅನ್ನುತ್ತಾರೆ. ಅದನ್ನು ಸಮಿತಿ ಮುಂದಿಟ್ಟೆ. ಚಹಾ ತಂದಿದ್ದ ಆ ಅಜ್ಜಿ ಕೇಳಿದರು: "ಬರೆದು ಕೊಡೋಣ ತಗೋ ತಮ್ಮಾ. ಆದ್ರ ನಮ್ಮ ಹೆಸರಿಗೆ ಬರೋ ರೊಕ್ಕದಾಗ ಆ ಆಫೀಸಿಗೆ ಎಷ್ಟು ಹೋಗತೈತಿ, ಅದನ್ನೂ ಕೇಳು." ನಡಾವಳಿ ಪುಸ್ತಕದಲ್ಲಿ ಹಾಗೇ ಬರೆದು ಕಳಿಸಿದ್ದೇನೆ. ಆರು ವಾರ ಆಯ್ತು, ಉತ್ತರ ಬಂದಿಲ್ಲ.