‘ಚಿಹ್ನೆ’ಯ ಹಕಾರ ಎಲ್ಲಿ ಹೋಯಿತು?

ನನ್ನದೇ ದನಿಯಲ್ಲಿ ಮುದ್ರಿಸಿಕೊಂಡ ‘ಚಿಹ್ನೆ’ ಎಂಬ ಪದವನ್ನು ಪರದೆಯ ಮೇಲೆ ಹರಡಿಕೊಂಡು, ಅದರ ಹಕಾರವನ್ನು ಹುಡುಕುತ್ತ ಒಂದು ಸಂಜೆಯನ್ನೇ ಕಳೆದಿದ್ದೇನೆ. ಚಕಾರ ಸಿಕ್ಕಿತು, ಇಕಾರ ಸಿಕ್ಕಿತು. ಆಮೇಲೆ ಹಕಾರ ಬರಬೇಕಾಗಿದ್ದ ಜಾಗದಲ್ಲಿ ಮೂಗಿನ ಸದ್ದು ಕುಳಿತಿತ್ತು. ಹಕಾರದಂಥದ್ದೇನಾದರೂ ಇದ್ದರೆ ಅದು ನಕಾರದ ಬಾಲದಲ್ಲಿ, ಎಕಾರ ಶುರುವಾಗುವ ಮುನ್ನ, ಉಸಿರಿನ ತೆಳು ಮಸುಕಾಗಿ ಇತ್ತು. ಬರೆಯುವುದು ‘ಹ್ನ’, ನನ್ನ ಬಾಯಿ ಹೇಳಿದ್ದು ‘ನ್ಹ’. ನಂಬಿಕೆಯಾಗದೆ ‘ಬ್ರಹ್ಮ’ ಮುದ್ರಿಸಿದೆ. ಅಲ್ಲಿಯೂ ಮಕಾರವೇ ಮುಂದೆ. ಕನ್ನಡವನ್ನು ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ ಎಂದು ಶಾಲೆಯಿಂದಲೂ ಹೇಳಿಕೊಂಡು ಬಂದವನಿಗೆ ಇದು ಸಣ್ಣ ಅವಮಾನವೇ.

ನಾನು ಬಳಸುವುದು ಪ್ರಾಟ್ ಎಂಬ ತಂತ್ರಾಂಶ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ್ದು, ಉಚಿತ. ಹೆಸರಿಗೆ ಡಚ್ ಭಾಷೆಯಲ್ಲಿ ‘ಮಾತು’ ಎಂದೇ ಅರ್ಥ. ಅಂದಚೆಂದದ ಗೋಜಿಗೆ ಹೋಗದ ತಂತ್ರಾಂಶವಿದು. ತೆರೆದೊಡನೆ ಎರಡು ಕಿಟಕಿಗಳು ಬರುತ್ತವೆ, ಚಿತ್ರ ಬರೆಯುವ ಕಿಟಕಿಯನ್ನು ಮುಚ್ಚುವುದೇ ನನ್ನ ಮೊದಲ ಕೆಲಸ. ಅದು ತೋರಿಸುವ ಸದ್ದಿನ ಚಿತ್ರವನ್ನು, ಅಂದರೆ ಸ್ಪೆಕ್ಟ್ರೋಗ್ರಾಮನ್ನು, ಓದುವುದು ಕಷ್ಟವಲ್ಲ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಆವರ್ತನ, ಹೆಚ್ಚು ಕಪ್ಪಾಗಿರುವ ಕಡೆ ಸದ್ದಿಗೆ ಹೆಚ್ಚು ಬಲ. ಸ್ವರಗಳಲ್ಲಿ ಕಾಣುವ ದಪ್ಪ ಅಡ್ಡಪಟ್ಟಿಗಳು ಫಾರ್ಮೆಂಟುಗಳು, ಅಂದರೆ ಬಾಯಿಯ ಪೊಳ್ಳು ಅನುರಣಿಸುವ ಆವರ್ತನಗಳು.

ಆದರೆ ಮೊದಲ ವಾರದ ಧ್ವನಿಮುದ್ರಣಗಳನ್ನೆಲ್ಲ ಎಸೆದೆ. ಮೊಬೈಲಿನ ಧ್ವನಿಸಂದೇಶದಲ್ಲಿ ಮುದ್ರಿಸಿದ್ದೆ. ಕೇಳಲು ಚೆನ್ನಾಗಿಯೇ ಇತ್ತು, ಆದರೆ ಪರದೆಯಲ್ಲಿ ಸಕಾರದ ಜಾಗ ಬಹುಪಾಲು ಖಾಲಿ. ಸೆಕೆಂಡಿಗೆ 8000 ಮಾದರಿಗಳನ್ನು ತೆಗೆದುಕೊಂಡರೆ ಅದರ ಅರ್ಧ, ಅಂದರೆ 4000 ಹರ್ಟ್ಜ್‌ವರೆಗಿನ ಸದ್ದು ಮಾತ್ರ ಉಳಿಯುತ್ತದೆ. ಸಕಾರದ ಬಲವೆಲ್ಲ ಇರುವುದು ಅದಕ್ಕಿಂತ ಮೇಲೆ. ಈಗ ಸೆಕೆಂಡಿಗೆ 44100 ಮಾದರಿ, 16 ಬಿಟ್, ಒಂದೇ ಚಾನೆಲ್, ವೇವ್ ಕಡತ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇಡುತ್ತೇನೆ. ಎದುರಿಗೇ ಇಟ್ಟರೆ ಪಕಾರದ ಗಾಳಿ ನೇರವಾಗಿ ಅದರ ಮೇಲೆ ಬಡಿಯುತ್ತದೆ. ಫ್ಯಾನನ್ನು ಆರಿಸಲೇಬೇಕು, ಸೆಕೆಯಾದರೂ ಸರಿ.

ಪದಗಳನ್ನು ಪಟ್ಟಿಯಂತೆ ಓದಿಸಿದರೆ ಇನ್ನೊಂದು ತೊಡಕು. ಯಾರೇ ಆದರೂ ಕೊನೆಯ ಪದಕ್ಕೆ ಬರುವಾಗ ರಾಗ ಇಳಿಸಿ ಎಳೆಯುತ್ತಾರೆ. ಹಾಗಾಗಿ ಪ್ರತಿ ಪದವನ್ನೂ ಒಂದೇ ವಾಕ್ಯದೊಳಗೆ ಕೂರಿಸಿದೆ. ಮೊದಲು ‘ನಾನು ಕತೆ ಎಂದು ಹೇಳಿದೆ’ ಎಂದು ಮಾಡಿಕೊಂಡು ಕೈಸುಟ್ಟುಕೊಂಡೆ. ‘ಕತೆ’ಯ ಎಕಾರ ‘ಎಂದು’ವಿನ ಎಕಾರದೊಳಗೆ ಕರಗಿ, ಎಲ್ಲಿ ಗೆರೆ ಎಳೆಯಬೇಕೆಂದೇ ತಿಳಿಯಲಿಲ್ಲ. ‘ಈಗ ಕತೆ ಪದ ಹೇಳಿದೆ’ ಎಂದು ಬದಲಿಸಿದ ಮೇಲೆ ಪಕಾರದ ತುಟಿ ಮುಚ್ಚಿದ ಕ್ಷಣ ಸ್ಪಷ್ಟವಾಗಿ ಕಂಡಿತು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ‘ಕತೆ’ ಮತ್ತು ‘ಕತ್ತೆ’. ಒತ್ತಕ್ಷರ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅಲ್ಲಿ ಎರಡು ತಕಾರಗಳಿವೆ, ಇಲ್ಲವೇ ಒಂದನ್ನು ಒತ್ತಿ ಹೇಳುತ್ತೇವೆ ಎಂದುಕೊಂಡಿದ್ದೆ. ಪರದೆಯಲ್ಲಿ ನೋಡಿದರೆ ‘ಕತ್ತೆ’ಯ ನಡುವೆ ಇದ್ದದ್ದು ಬರೀ ಬಿಳಿ ಜಾಗ. ನಾಲಿಗೆ ಹಲ್ಲಿಗೆ ತಾಗಿ ನಿಂತಿರುತ್ತದೆ, ಸದ್ದೇ ಇಲ್ಲ. ಕೊನೆಯಲ್ಲಿ ಒಂದೇ ಒಂದು ಸಣ್ಣ ಸಿಡಿತ. ‘ಕತೆ’ಯಲ್ಲೂ ಅದೇ ಮೌನ, ಅದೇ ಸಿಡಿತ. ಹಿಂದಿನ ಅಕಾರದ ಎರಡನೆಯ ಫಾರ್ಮೆಂಟು ಮುಗಿಯುವಲ್ಲಿಂದ ಸಿಡಿತದವರೆಗೆ ಅಳೆದಾಗ ನನ್ನ ದನಿಯಲ್ಲಿ ‘ಕತೆ’ಗೆ ಸುಮಾರು 85 ಮಿಲಿಸೆಕೆಂಡ್, ‘ಕತ್ತೆ’ಗೆ ಸುಮಾರು 190. ಕಿಡಿಗೇಡಿತನಕ್ಕೆ ‘ಕತ್ತೆ’ಯ ಮೌನದಿಂದ 100 ಮಿಲಿಸೆಕೆಂಡನ್ನು ಕತ್ತರಿಸಿ ತೆಗೆದು, ಆ ಕಡತವನ್ನು ಗೆಳೆಯನೊಬ್ಬನಿಗೆ ಕೇಳಿಸಿದೆ. ‘ಕತೆ’ ಎಂದು ಬರೆದುಕೊಟ್ಟ. ನಾನು ತೆಗೆದದ್ದು ಏನೂ ಇಲ್ಲದ ಜಾಗವನ್ನು ಎಂದು ಹೇಳಿದರೆ ಆತ ಇಂದಿಗೂ ಒಪ್ಪುವುದಿಲ್ಲ.

ಅದೇ ಉತ್ಸಾಹದಲ್ಲಿ ‘ಕಥೆ’ಗೂ ಕೈಹಾಕಿದೆ. ಮಹಾಪ್ರಾಣವನ್ನು ಅಳೆಯುವುದು ಸಿಡಿತದಿಂದ ಮುಂದಿನ ಸ್ವರದ ಕಂಪನ ಶುರುವಾಗುವವರೆಗಿನ ಅಂತರದಿಂದ. ಧ್ವನಿವಿಜ್ಞಾನಿಗಳಾದ ಲಿಸ್ಕರ್ ಮತ್ತು ಅಬ್ರಾಮ್ಸನ್ 1964ರಲ್ಲಿ ಹಲವು ಭಾಷೆಗಳಲ್ಲಿ ಹೋಲಿಸಿ ನೋಡಿದ್ದು ಇದೇ ಅಂತರವನ್ನು. ವಾಕ್ಯವನ್ನು ಓದುವಾಗ ನನ್ನ ಥಕಾರಕ್ಕೆ 60 ಮಿಲಿಸೆಕೆಂಡಿಗೂ ಮೀರಿದ ಉಸಿರಿತ್ತು, ಬೀಗಿದೆ. ಆಮೇಲೆ ಮೈಕನ್ನು ಚಾಲೂ ಇಟ್ಟು ಅದೇ ಗೆಳೆಯನೊಡನೆ ಅರ್ಧ ಗಂಟೆ ಹರಟಿದೆ. ಆ ಹರಟೆಯಲ್ಲಿ ಏಳು ಸಲ ‘ಕಥೆ’ ಬಂದಿತ್ತು. ಏಳರಲ್ಲಿ ಆರು ಅಪ್ಪಟ ‘ಕತೆ’, ಹದಿನೈದು ಇಪ್ಪತ್ತು ಮಿಲಿಸೆಕೆಂಡಿನ ಆಸುಪಾಸು. ಮಹಾಪ್ರಾಣ ಬಿಟ್ಟು ಮಾತನಾಡುವವರನ್ನು ನಾನು ಎಷ್ಟು ಸಲ ತಿದ್ದಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹಾಗೆಂದು ತಂತ್ರಾಂಶ ಹೇಳಿದ್ದೆಲ್ಲ ನಿಜವೂ ಅಲ್ಲ. ಫಾರ್ಮೆಂಟು ಹುಡುಕುವ ಮೇಲಿನ ಮಿತಿ ಮೊದಲೇ 5500 ಹರ್ಟ್ಜ್ ಎಂದು ಇರುತ್ತದೆ, ಅದು ಸಾಮಾನ್ಯವಾಗಿ ಹೆಂಗಸರ ದನಿಗೆ ಒಪ್ಪುವ ಲೆಕ್ಕ. ನನ್ನ ಊಕಾರದ ಮೊದಲೆರಡು ಫಾರ್ಮೆಂಟುಗಳನ್ನು ಅದು ಒಂದೇ ಎಂದು ಎಣಿಸಿ, ಮೂರನೆಯದನ್ನು ಎರಡನೆಯದೆಂದು ತೋರಿಸಿತು. ಎರಡನೆಯ ಫಾರ್ಮೆಂಟು ಮೇಲಿದ್ದರೆ ನಾಲಿಗೆ ಮುಂದಿದೆ ಎಂದರ್ಥ, ಹಾಗಾಗಿ ಆ ಅಂಕಿಯ ಪ್ರಕಾರ ನಾನು ಊಕಾರವನ್ನು ನಾಲಿಗೆ ಮುಂದಿಟ್ಟು ಉಚ್ಚರಿಸುತ್ತಿದ್ದೆ. ಮಿತಿಯನ್ನು 5000ಕ್ಕೆ ಇಳಿಸಿದೆ, ಎರಡನೆಯದು 800ರ ಹತ್ತಿರ ಬಂದು ಕುಳಿತಿತು. ಅಂಕಿ ಬರೆದುಕೊಳ್ಳುವ ಮುನ್ನ, ತಂತ್ರಾಂಶ ಫಾರ್ಮೆಂಟೆಂದು ಗುರುತಿಸುವ ಕೆಂಪು ಚುಕ್ಕೆಗಳು ಕಪ್ಪು ಪಟ್ಟಿಯ ಮೇಲೆಯೇ ಕುಳಿತಿವೆಯೇ ಎಂದು ಈಗ ಪ್ರತಿ ಸಲ ನೋಡುತ್ತೇನೆ. ವಾಕ್ಯದ ಕೊನೆಯಲ್ಲಿ ದನಿ ಗೊಗ್ಗರಾದಾಗ ದನಿಯ ಏರಿಳಿತ ತೋರಿಸುವ ಸ್ಥಾಯಿಯ ಗೆರೆಯೂ ಹೀಗೆಯೇ ಇದ್ದಕ್ಕಿದ್ದಂತೆ ಅರ್ಧಕ್ಕೆ ಬೀಳುತ್ತದೆ.

ಚಿತ್ರದ ಯಾವ ತುಣುಕು ಯಾವ ಸದ್ದು ಎಂದು ಕೆಳಗೆ ನಮೂದಿಸುವ ಗುರುತುಪಟ್ಟಿಯನ್ನು ಬರೆಯುವ ಕ್ರಮವನ್ನೂ ಬದಲಿಸಿಕೊಂಡಿದ್ದೇನೆ. ಮುಂಚೆ ಕಾಗುಣಿತ ನೋಡಿ ಅಕ್ಷರಗಳನ್ನು ತುಂಬಿ, ಆಮೇಲೆ ಅವಕ್ಕೆ ಸದ್ದು ಹುಡುಕುತ್ತಿದ್ದೆ. ಈಗ ಚಿತ್ರದಲ್ಲಿ ಬದಲಾವಣೆ ಕಂಡಲ್ಲಿ ಗೆರೆ ಎಳೆದು, ಆ ತುಣುಕನ್ನಷ್ಟೇ ಆರಿಸಿ ಟ್ಯಾಬ್ ಕೀಲಿ ಒತ್ತಿ ಕೇಳಿ, ಆಮೇಲೆ ಹೆಸರಿಡುತ್ತೇನೆ. ಹೀಗೆ ಹಳೆಯ ‘ಚಿಹ್ನೆ’ ಕಡತಕ್ಕೆ ಮರಳಿದಾಗ ಐದು ಉಚ್ಚಾರಗಳ ಪೈಕಿ ನಾಲ್ಕಕ್ಕೆ ‘ನ್ಹ’ ಎಂದೇ ಬರೆದೆ. ಐದನೆಯದರಲ್ಲಿ ಹಕಾರ ನಿಜವಾಗಿಯೂ ನಕಾರಕ್ಕಿಂತ ಮುಂಚೆ ಇತ್ತು, ಕಾಗುಣಿತದಂತೆಯೇ. ಕೇಳಿಸಿಕೊಂಡೆ. ಭಾಷಣ ಸ್ಪರ್ಧೆಗೆ ನಿಂತ ಹುಡುಗನ ಹಾಗಿತ್ತು. ಅದನ್ನೂ ಅಳಿಸದೆ ಇಟ್ಟುಕೊಂಡಿದ್ದೇನೆ.